ಬೊಜ್ಜು ಬಂದ ಕುದುರೆಗೆ ಉಪವಾಸ ಮದ್ದಲ್ಲ

ಪಕ್ಕೆಲುಬು ಎದ್ದು ಕಾಣುವ ಜಟಕಾ ಕುದುರೆಗಳನ್ನು ನೋಡಿ ಬೆಳೆದವರಿಗೆ ಕುದುರೆಗೂ ಬೊಜ್ಜಿನ ಕಾಯಿಲೆ ಉಂಟೆಂದರೆ ನಂಬಿಕೆ ಬರುವುದಿಲ್ಲ. ಬ್ರಿಟನ್ನಿನ ಪಶುವೈದ್ಯರಿಗಾದರೋ ಅದು ನಿತ್ಯದ ಚಿಂತೆ. ಅಲ್ಲಿನ ಶೆಟ್‌ಲ್ಯಾಂಡ್, ವೆಲ್ಷ್, ಎಕ್ಸ್‌ಮೂರ್ ಎಂಬ ಪೋನಿ ತಳಿಗಳು, ಅಂದರೆ ಗಿಡ್ಡ ಕುದುರೆಗಳು, ಹುಲ್ಲು ಬಡವಾಗಿರುವ ಗುಡ್ಡಗಾಡಿನಲ್ಲಿ ರೂಪುಗೊಂಡವು. ಬೇಸಿಗೆಯಲ್ಲಿ ಕೊಬ್ಬು ಕೂಡಿಸಿಕೊಂಡು ಚಳಿಗಾಲದಲ್ಲಿ ಅದನ್ನು ಕರಗಿಸುತ್ತ ಬದುಕುವುದು ಅವುಗಳ ಮೈಗೆ ಒಗ್ಗಿದ ಕ್ರಮ. ಈಗ ಅವಕ್ಕೆ ಮೇಯಲು ಸಕ್ಕರೆ ಹೆಚ್ಚಿರುವ ರೈಗ್ರಾಸ್ ಹುಲ್ಲುಗಾವಲಿದೆ, ಚಳಿಗೆ ಹೊದಿಕೆಯಿದೆ, ದುಡಿಮೆ ವಾರಕ್ಕೊಮ್ಮೆ ಮಾತ್ರ. ಕೊಬ್ಬು ಕೂಡುವ ಕಾಲ ಪ್ರತಿವರ್ಷ ಬರುತ್ತದೆ, ಕರಗುವ ಕಾಲ ಬರುವುದೇ ಇಲ್ಲ.

ಬೊಜ್ಜನ್ನು ಗುರುತಿಸಲು ಹೊಟ್ಟೆಯನ್ನು ನಂಬುವಂತಿಲ್ಲ. ನಾರಿನ ಮೇವು ತುಂಬಿದ ಹೊಟ್ಟೆ ಬಡಕಲು ಕುದುರೆಯಲ್ಲೂ ಉಬ್ಬಿರುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನ್ನೆಕೆ 1983ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕುತ್ತಿಗೆ, ಭುಜ, ಪಕ್ಕೆ, ಬಾಲದ ಬುಡಗಳನ್ನು ಕಣ್ಣಿಂದ ನೋಡಿ, ಕೈಯಿಂದ ಒತ್ತಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 5 ಹದವಾದ ಮೈಕಟ್ಟು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸುಲಭವಾಗಿ ಸಿಗಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಕುತ್ತಿಗೆಯ ಮೇಲಂಚು. ಕೇಸರದ ಬುಡದಲ್ಲಿ ಗಟ್ಟಿ ದಿಂಡಿನಂತೆ ಕೊಬ್ಬು ಕೂಡಿದ್ದರೆ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿರುವ ಸಾಧ್ಯತೆ ಹೆಚ್ಚು.

ಆ ಇನ್ಸುಲಿನ್ ಏಟು ಕೊಡುವುದು ಗೊರಸಿಗೆ. ಗೊರಸಿನೊಳಗಿನ ಮೂಳೆ ಗೊರಸಿನ ಗೋಡೆಗೆ ತೂಗುಬಿದ್ದಿರುತ್ತದೆ. ಅದನ್ನು ಹಿಡಿದಿಡುವುದು ಒಂದರೊಳಗೊಂದು ಹೆಣೆದುಕೊಂಡ ಸುಮಾರು 550ರಿಂದ 600 ತೆಳು ಪದರಗಳು. ಈ ಹಿಡಿತ ಸಡಿಲವಾಗುವ ರೋಗವೇ ಲ್ಯಾಮಿನೈಟಿಸ್. ಮೈಭಾರಕ್ಕೆ ಮೂಳೆ ಕೆಳಗೆ ಜಾರುತ್ತದೆ, ಕೆಲವೊಮ್ಮೆ ತಿರುಗಿ ಅಂಗಾಲನ್ನು ಒತ್ತುತ್ತದೆ. ಕುದುರೆ ಮುಂಗಾಲು ಊರಲಾರದೆ ಹಿಂದಕ್ಕೆ ವಾಲಿ ನಿಲ್ಲುತ್ತದೆ. ನೋವು ತಡೆಯಲಾಗದ ಹಂತ ತಲುಪಿದಾಗ ದಯಾಮರಣವಲ್ಲದೆ ಬೇರೆ ದಾರಿ ಇರುವುದಿಲ್ಲ. ಇದಕ್ಕೆ ಬರೀ ಮೈಭಾರ ಕಾರಣವಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಪೋನಿಗಳ ರಕ್ತದ ಸಕ್ಕರೆಯನ್ನು ಸಹಜವಾಗಿಯೇ ಇಟ್ಟು ಇನ್ಸುಲಿನ್ ಮಾತ್ರ ಏರಿಸಿದರು. 72 ಗಂಟೆಯೊಳಗೆ ಅವಕ್ಕೆ ಲ್ಯಾಮಿನೈಟಿಸ್ ಬಂತು.

ಹಾಗೆಂದು ಗಾಬರಿಯಿಂದ ಮೇವು ನಿಲ್ಲಿಸಿದರೆ ಇನ್ನೂ ದೊಡ್ಡ ಅಪಾಯ. ಕುದುರೆಯ ಜಠರ ಮೈಗೆ ಹೋಲಿಸಿದರೆ ಚಿಕ್ಕದು, ಅದರಲ್ಲಿ ಆಮ್ಲ ಹಗಲಿರುಳು ಸುರಿಯುತ್ತಿರುತ್ತದೆ. ಆಮ್ಲವನ್ನು ತಗ್ಗಿಸುವ ಜೊಲ್ಲು ಊರುವುದು ಅಗಿಯುವಾಗ ಮಾತ್ರ. ಬಾಯಿ ಸುಮ್ಮನಿದ್ದಷ್ಟೂ ಹುಣ್ಣಿನ ಭಯ. ಬೊಜ್ಜಿನ ಪೋನಿ ಮತ್ತು ಕತ್ತೆಗಳಲ್ಲಿ ಹಠಾತ್ ಉಪವಾಸದಿಂದ ಮೈಕೊಬ್ಬು ಒಮ್ಮೆಲೇ ರಕ್ತಕ್ಕೆ ನುಗ್ಗಿ ಯಕೃತ್ತು ಸೋಲಬಹುದು, ಪ್ರಾಣವೇ ಹೋಗಬಹುದು. ಆದ್ದರಿಂದ ಅಗಿಯುವ ಹೊತ್ತು ಉಳಿಯಬೇಕು, ಅಗಿದದ್ದರಲ್ಲಿ ಸಕ್ಕರೆ ಇಳಿಯಬೇಕು.

ಮೊದಲು ಧಾನ್ಯ, ಕಾಕಂಬಿ ಬೆರೆಸಿದ ತಿಂಡಿ, ಕ್ಯಾರೆಟ್, ಸೇಬುಗಳೆಲ್ಲ ನಿಲ್ಲಬೇಕು. ಒಣಹುಲ್ಲನ್ನು ತೂಗಿಯೇ ಹಾಕಬೇಕು. ದಿನಕ್ಕೆ ಮೈತೂಕದ ಶೇ. 1.5ರಷ್ಟು ಒಣಪದಾರ್ಥ, ಅಂದರೆ ನೀರಿನಂಶ ಕಳೆದು ಲೆಕ್ಕ ಹಾಕಿದ ಮೇವು, ಸಾಮಾನ್ಯ ಅಳತೆ. 300 ಕಿಲೋ ತೂಗುವ ಪೋನಿಗೆ ಸುಮಾರು 5 ಕಿಲೋ ಒಣಹುಲ್ಲು. ವೈದ್ಯರ ಮೇಲ್ವಿಚಾರಣೆ ಇಲ್ಲದೆ ಇದಕ್ಕಿಂತ ಇಳಿಸಕೂಡದು. ಎಳೆಹುಲ್ಲಿಗಿಂತ ಬಲಿತ ಮೇಲೆ ಕೊಯ್ದ ಒರಟು ಹುಲ್ಲು ಒಳ್ಳೆಯದು. ಅದನ್ನು ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಸಿ, ಕಂದು ಬಣ್ಣಕ್ಕೆ ತಿರುಗಿದ ನೀರನ್ನು ಚೆಲ್ಲಿದರೆ ಸಕ್ಕರೆಯ ಒಂದು ಪಾಲು ನೀರಿನೊಂದಿಗೇ ಹೋಗುತ್ತದೆ. ಖನಿಜಗಳೂ ಹೋಗುವುದರಿಂದ ಖನಿಜ, ಜೀವಸತ್ವ, ಪ್ರೋಟೀನ್ ಬೇರೆಯಾಗಿ ಕೊಡಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ಹುಲ್ಲು ಕಟ್ಟಿದರೆ ಎಳೆ ಎಳೆಯಾಗಿ ಕಿತ್ತು ತಿನ್ನುತ್ತ ಹೊತ್ತು ಕಳೆಯುತ್ತದೆ.

ಮೇಯಲು ಬಿಡುವ ಹೊತ್ತನ್ನು ಕಡಿತ ಮಾಡಿದರೆ ಸಾಲದು. ಸಮಯ ಕಡಿಮೆಯೆಂದು ಪೋನಿಗೆ ಬೇಗ ಗೊತ್ತಾಗುತ್ತದೆ, ಸಿಕ್ಕಷ್ಟು ಹೊತ್ತಿನಲ್ಲೇ ಗಬಗಬನೆ ಮೇಯುತ್ತದೆ. ಕುಂಟೆ ಹೊಡೆಯುವ ಎತ್ತಿನ ಬಾಯಿಗೆ ನಮ್ಮ ರೈತರು ಕಟ್ಟುವ ಕುಕ್ಕೆಯಂಥದ್ದೇ ಒಂದು ಮೂತಿಬುಟ್ಟಿ ಬ್ರಿಟನ್ನಿನಲ್ಲಿ ಬಳಕೆಯಲ್ಲಿದೆ. ಅದರ ತಳದ ತೂತಿನಲ್ಲಿ ಹುಲ್ಲಿನ ತುದಿ ಮಾತ್ರ ಸಿಗುತ್ತದೆ, ನೀರು ಕುಡಿಯಲು ಅಡ್ಡಿಯಿಲ್ಲ. ರಾತ್ರಿ ಹಿಮ ಬಿದ್ದು ಬೆಳಿಗ್ಗೆ ಬಿಸಿಲು ಕಾಯ್ದ ದಿನ ಹುಲ್ಲಿನಲ್ಲಿ ಸಕ್ಕರೆ ಏರಿರುತ್ತದೆ. ಅಂಥ ದಿನ ಹುಲ್ಲುಗಾವಲಿಗೆ ಬಿಡದಿರುವುದೇ ಮೇಲು.

ಗೊರಸು ನೋಯುತ್ತಿದ್ದರೆ ವ್ಯಾಯಾಮದ ಮಾತೇ ಬೇಡ. ಗೊರಸು ಗಟ್ಟಿಯಾಗಿದ್ದರೆ ಬಿರುಸು ನಡಿಗೆಯಿಂದ ಶುರುಮಾಡಿ, ಕ್ರಮೇಣ ಕುಕ್ಕುಲೋಟ ಸೇರಿಸಿ, ವಾರದ ಹೆಚ್ಚು ದಿನ ಅರ್ಧ ಗಂಟೆಯಾದರೂ ಮೈ ಬಿಸಿಯಾಗುವಂತೆ ದುಡಿಸಬೇಕು. ದುಡಿದ ಸ್ನಾಯು ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆ, ಗೊರಸಿಗೆ ಬೇಕಾದದ್ದೂ ಅದೇ. ಎದೆಸುತ್ತಿನ ಟೇಪಿನಿಂದ ವಾರವಾರವೂ ಅಳೆದು ಬರೆದಿಡಬೇಕು. ವಾರಕ್ಕೆ ಮೈತೂಕದ ಶೇ. 0.5ರಿಂದ 1ರಷ್ಟು ಇಳಿಕೆ ಸಾಕು.

ಕೊನೆಯದು ಚಳಿಗಾಲದ ಹೊದಿಕೆ. ಅದನ್ನು ತೆಗೆಯುವುದಕ್ಕೆ ಯಜಮಾನರ ಮನಸ್ಸು ಒಪ್ಪುವುದಿಲ್ಲ. ಆದರೆ ಬೊಜ್ಜಿನ ಆರೋಗ್ಯವಂತ ಪೋನಿ, ಗಾಳಿಮಳೆಗೆ ಮರೆಯೊಂದಿದ್ದರೆ, ಸ್ಕಾಟ್‌ಲ್ಯಾಂಡಿನ ಚಳಿಯನ್ನೂ ತನ್ನ ದಟ್ಟ ಕೂದಲಲ್ಲೇ ತಡೆಯಬಲ್ಲದು. ಮೈ ಬೆಚ್ಚಗಿಡಲು ಅದು ಸುಡುವುದು ಬೇಸಿಗೆಯಿಂದ ಹೊತ್ತುಕೊಂಡು ಬಂದ ಕೊಬ್ಬನ್ನೇ.