ಅತ್ತಿಮರ, ಕಣಜ ಮತ್ತು ಇರುವೆ: ವಾಸನೆಯ ಸಂಕೇತಗಳ ಕುರಿತು

ಅತ್ತಿಯ ಹೂವು ಕಣ್ಣಿಗೆ ಬೀಳುವುದಿಲ್ಲ. ಹಣ್ಣನ್ನು ಒಡೆದರೆ ಹುಳುಗಳು ಕಾಣುತ್ತವೆ. ಜನಸಾಮಾನ್ಯರ ಈ ಎರಡು ಅವಲೋಕನಗಳೂ ಒಂದೇ ಸಂಗತಿಯ ಎರಡು ಮುಖಗಳು. ನಾವು ಅತ್ತಿಕಾಯಿ ಎಂದು ಕರೆಯುವುದು ವಾಸ್ತವವಾಗಿ ಒಳಮುಖವಾಗಿ ಮಡಿಚಿಕೊಂಡ ಒಂದು ಹೂಗೊಂಚಲು. ಅಸಂಖ್ಯ ಸೂಕ್ಷ್ಮ ಹೂಗಳು ಅದರ ಒಳಗೋಡೆಯ ಮೇಲೆ ಒತ್ತಾಗಿ ಕುಳಿತಿರುತ್ತವೆ. ಹೊರಜಗತ್ತಿಗೆ ಇರುವ ದಾರಿ ತುದಿಯ ಒಂದು ಸಣ್ಣ ರಂಧ್ರ. ಅದೂ ಪದರುಗಳಿಂದ ಬಿಗಿಯಾಗಿ ಮುಚ್ಚಿರುತ್ತದೆ. ಎಸಳಿನ ಬಣ್ಣ ತೋರಿ ಕೀಟವನ್ನು ಕರೆಯುವ ಅವಕಾಶ ಇಂತಹ ಹೂವಿಗೆ ಇಲ್ಲವಾದುದರಿಂದ, ಅದು ವಾಸನೆಯನ್ನೇ ನೆಚ್ಚಿಕೊಂಡಿದೆ.

ಫೈಕಸ್ ರಾಸಿಮೋಸ ಎಂಬ ಶಾಸ್ತ್ರೀಯ ನಾಮದ ಈ ಮರಕ್ಕೆ ಪರಾಗಸ್ಪರ್ಶ ಮಾಡುವುದು ಸೆರಾಟೊಸೊಲೆನ್ ಕುಲದ, ಕೆಲವೇ ಮಿಲಿಮೀಟರ್ ಉದ್ದದ ಕಣಜ. ಪ್ರೌಢಾವಸ್ಥೆಯಲ್ಲಿ ಅದು ಆಹಾರ ಸೇವಿಸುವುದಿಲ್ಲ. ಆಯುಷ್ಯ ಒಂದೆರಡು ದಿನ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬೆಳೆಯುವುದರಿಂದ, ತಾನು ಹುಟ್ಟಿದ ಕಾಯಿಯಿಂದ ಹೊರಬಂದ ಹೆಣ್ಣು ಕಣಜವು ಪರಾಗ ಸ್ವೀಕರಿಸಲು ಸಿದ್ಧವಾಗಿರುವ ಬೇರೊಂದು ಮರವನ್ನು ಆ ಅವಧಿಯೊಳಗೆ ಪತ್ತೆಹಚ್ಚಬೇಕು. ಇದೇ ಕುಲದ ಆಫ್ರಿಕಾದ ಕಣಜವೊಂದು ನಮೀಬಿಯಾದ ಮರುಭೂಮಿಯಲ್ಲಿ ಗಾಳಿಯ ನೆರವಿನಿಂದ 160 ಕಿಲೋಮೀಟರ್ ದೂರದವರೆಗೂ ಪರಾಗವನ್ನು ಒಯ್ಯುವುದೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗಾಳಿಯಲ್ಲಿ ತೇಲಿಬಂದ ಇಷ್ಟು ಸಣ್ಣ ಜೀವಿಯನ್ನು ಸರಿಯಾದ ಮರಕ್ಕೆ ಇಳಿಸುವುದು ಕಾಯಿಗಳು ಹೊಮ್ಮಿಸುವ ಆವಿಶೀಲ ಸಂಯುಕ್ತಗಳು. ಇವುಗಳಲ್ಲಿ ಟರ್ಪೀನ್ ವರ್ಗದವು ಪ್ರಧಾನ. ಕಣಜವು ರಂಧ್ರದ ಪದರುಗಳನ್ನು ಸೀಳಿಕೊಂಡು ಒಳಹೊಗುವಾಗ ರೆಕ್ಕೆಗಳನ್ನು ಕಳೆದುಕೊಳ್ಳುತ್ತದೆ, ಒಳಗೆ ಪರಾಗ ಹರಡಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಪರಾಗಸ್ಪರ್ಶವಾದ ಬಳಿಕ ಕರೆಯುವ ವಾಸನೆ ಕುಗ್ಗುತ್ತದೆ.

ಒಂದೇ ಪ್ರಭೇದದ ಜೀವಿಗಳ ನಡುವಣ ರಾಸಾಯನಿಕ ಸಂದೇಶಕ್ಕೆ 1959ರಲ್ಲಿ ಫೆರೊಮೋನ್ ಎಂಬ ಹೆಸರು ಬಂದಿತು. ಒಂದು ಜೀವಿ ಹೊರಸೂಸಿದ ರಾಸಾಯನಿಕವು ಬೇರೆ ಪ್ರಭೇದದ ಜೀವಿಗೆ ಲಾಭ ತಂದರೆ ಅದನ್ನು ಕೈರೊಮೋನ್ ಎನ್ನುತ್ತಾರೆ. ಈ ಪದ 1970ರದು. ಪಠ್ಯಗಳಲ್ಲಿ ಇವನ್ನು ಬೇರೆಬೇರೆ ವಸ್ತುಗಳೆಂಬಂತೆ ವಿಂಗಡಿಸುವ ರೂಢಿ ಇದೆಯಾದರೂ, ಅತ್ತಿಯ ನಿದರ್ಶನ ಆ ರೂಢಿಯನ್ನು ಅಲುಗಿಸುತ್ತದೆ. ಒಂದೇ ವಾಸನೆ ಪರಾಗಸ್ಪರ್ಶಕ ಕಣಜಕ್ಕೆ ಆಹ್ವಾನ, ಬೇರೊಂದು ಕಣಜಕ್ಕೆ ಕನ್ನ ಹಾಕುವ ಸುಳಿವು. ಭೇದವಿರುವುದು ವಸ್ತುವಿನಲ್ಲಲ್ಲ, ಅದನ್ನು ಗ್ರಹಿಸುವ ಜೀವಿಯಲ್ಲಿ.

ಈ ಎರಡನೆಯ ಬಗೆಯ ಕಣಜಗಳು ಕಾಯಿಯ ಒಳಹೊಗುವುದಿಲ್ಲ. ಹೊರಗೇ ನಿಂತು, ನೀಳವಾದ ಅಂಡನಿಕ್ಷೇಪಕವನ್ನು ಕಾಯಿಯ ಗೋಡೆಯ ಮೂಲಕ ಕೊರೆದು ಇಳಿಸಿ ಮೊಟ್ಟೆಯಿಡುತ್ತವೆ. ಅವುಗಳಲ್ಲಿ ಒಂದು ಪ್ರಭೇದದ ಅಂಡನಿಕ್ಷೇಪಕದ ತುದಿ ಸತುವಿನಿಂದ ಗಡುಸಾಗಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಕೆಲವು ಪ್ರಭೇದಗಳು ಪರಾಗಸ್ಪರ್ಶಕ್ಕೆ ಮುನ್ನ, ಇನ್ನು ಕೆಲವು ಅನಂತರ ಬರುತ್ತವೆ. ಕಾಯಿಯ ಹಂತಕ್ಕೆ ತಕ್ಕಂತೆ ಬದಲಾಗುವ ವಾಸನೆ ಅವುಗಳಿಗೆ ಪಂಚಾಂಗದಂತೆ ಒದಗುತ್ತದೆ.

ಅದೇ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜಸ್ ಮತ್ತು ಸಹೋದ್ಯೋಗಿಗಳು ಅತ್ತಿಯ ಮೇಲೆ ನಡೆಸಿದ ದೀರ್ಘಕಾಲದ ಅಧ್ಯಯನಗಳು ಈ ಚಿತ್ರಕ್ಕೆ ಇನ್ನೂ ಹಲವು ಪಾತ್ರಗಳನ್ನು ಸೇರಿಸಿವೆ. ಎಲೆಗಳನ್ನು ಹೆಣೆದು ಗೂಡುಕಟ್ಟುವ, ಮಲೆನಾಡಿನಲ್ಲಿ ಚಗಳಿ ಎನ್ನುವ ಕೆಂಪಿರುವೆ ಕಾಯಿಗಳ ಮೇಲೆ ಕಣಜಗಳನ್ನು ಬೇಟೆಯಾಡುತ್ತದೆ. ಅದು ಕಣಜದ ವಾಸನೆಗೇ ಸ್ಪಂದಿಸುವುದು 2009ರ ಪ್ರಯೋಗಗಳಲ್ಲಿ ಕಂಡುಬಂದಿತು. ಸಸ್ಯರಸ ಹೀರುವ ಕೀಟಗಳನ್ನು ಸಾಕಿ ಅವುಗಳ ಸಿಹಿದ್ರವ ಉಣ್ಣುವ ಇರುವೆಗಳ ಸ್ಪಂದನ ಬೇರೆ ತೆರನಾಗಿತ್ತು. 2010ರ ಇನ್ನೊಂದು ಅಧ್ಯಯನದ ನಾಯಕರು ಕಾಯಿಯೊಳಗಿನ ದುಂಡುಹುಳುಗಳು. ಕಣ್ಣಿಲ್ಲದ ಈ ಜೀವಿಗಳು ಪರಾಗಸ್ಪರ್ಶಕ ಹೆಣ್ಣು ಕಣಜದ ಮೈಯೇರಿ ಹೊಸ ಕಾಯಿಗೆ ಸಾಗಬೇಕು. ರೆಕ್ಕೆಯಿಲ್ಲದ ಗಂಡನ್ನೇರಿದರೆ ಅಲ್ಲಿಗೇ ಕೊನೆ. ತಕ್ಕ ವಾಹನವನ್ನು ಅವು ವಾಸನೆಯಿಂದ ಆರಿಸಿಕೊಳ್ಳುತ್ತವೆ.

ಕಿವಿಗೊಡುವವರು ಇಷ್ಟೊಂದು ಇರುವಾಗ ಗುಪ್ತಭಾಷೆ ಸಾಧ್ಯವಿಲ್ಲವೆ? ಚೀನಾದ ಯುನ್ನಾನ್‌ನಲ್ಲಿ ಅತ್ತಿಯದೇ ಕುಲದ ಫೈಕಸ್ ಸೆಮಿಕಾರ್ಡೇಟ ಮರವನ್ನು ಪರಿಶೀಲಿಸಿದವರಿಗೆ, 4-ಮೀಥೈಲ್ ಅನಿಸೋಲ್ ಎಂಬ ಒಂದೇ ಸಂಯುಕ್ತ ಅದರ ವಾಸನೆಯ ಬಹುಪಾಲು ಆಗಿರುವುದು ಕಂಡುಬಂದಿತು. ಅದೊಂದೇ ಪರಾಗಸ್ಪರ್ಶಕವನ್ನು ಸೆಳೆಯಲು ಸಾಕಾಗಿತ್ತು. ಆದರೆ ಬಹುತೇಕ ಪ್ರಭೇದಗಳಲ್ಲಿ ಸಂದೇಶವಿರುವುದು ಸಾಮಾನ್ಯ ಸಂಯುಕ್ತಗಳ ನಿರ್ದಿಷ್ಟ ಪ್ರಮಾಣದ ಮಿಶ್ರಣದಲ್ಲಿ. ಪ್ರಮಾಣ ಕೆಟ್ಟರೆ ಅರ್ಥವೂ ಕೆಡುತ್ತದೆ.

ನಗರದ ಗಾಳಿಯ ಪ್ರಶ್ನೆ ಎದುರಾಗುವುದು ಇಲ್ಲಿಯೇ. ವಾಹನಗಳ ಹೊಗೆ ಬಿಸಿಲಿಗೆ ಒಡ್ಡಿಕೊಂಡಾಗ ನೆಲಮಟ್ಟದಲ್ಲಿ ಉಂಟಾಗುವ ಓಝೋನ್, ಟರ್ಪೀನ್‌ಗಳ ದ್ವಿಬಂಧಗಳನ್ನು ಮುರಿಯುತ್ತದೆ. ಎಲ್ಲ ಟರ್ಪೀನ್‌ಗಳೂ ಒಂದೇ ವೇಗದಲ್ಲಿ ನಶಿಸದ ಕಾರಣ ಮಿಶ್ರಣದ ಪ್ರಮಾಣವೇ ವ್ಯತ್ಯಾಸವಾಗುತ್ತದೆ. ಮೆಡಿಟರೇನಿಯನ್ ಪ್ರದೇಶದ ಅಂಜೂರದ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓಝೋನ್ ಸೋಂಕಿದ ವಾಸನೆಗೆ ಕಣಜದ ಆಕರ್ಷಣೆ ಕುಂದಿತು. ಬಾವಲಿ, ಕುಟ್ರು ಹಕ್ಕಿ, ಮುಸುವಗಳಿಗೆ ಅತ್ತಿ ಪ್ರಭೇದಗಳ ಹಣ್ಣು ಇತರ ಹಣ್ಣುಗಳಿಲ್ಲದ ಕಾಲದಲ್ಲಿಯೂ ದೊರೆಯುವ ಆಹಾರ. ಕಣಜ ಬಾರದಿದ್ದರೂ ಮರ ಹಸಿರಾಗಿಯೇ ನಿಂತಿರುತ್ತದೆ; ಕಾಯಿಗಳು ಮಾತ್ರ ಬಲಿಯದೆ ಬುಡದಲ್ಲಿ ಉದುರುತ್ತವೆ.