ತಪ್ಪು ಉತ್ತರಕ್ಕೆ ಎಷ್ಟು ದಂಡ?

"ಏ ಕಿಟಕಿ ಕಡೆ ಕುಂತಾವ, ಎದ್ದು ನಿಂದ್ರು. ನಾ ಈಗ ಏನು ಹೇಳ್ದೆ, ಹೇಳು."

ಕಲಬುರಗಿ ಜಿಲ್ಲೆಯ ಕೊಡ್ಲಿ, ಕಾಳಗಿ, ಸೇಡಂ, ಚಿತ್ತಾಪುರ ಕಡೆ ಶಾಲೆ ಕಲಿತವರು ಯಾರೇ ಆಗಲಿ, ಈ ಮಾತು ಕೇಳದೆ ದೊಡ್ಡವರಾದವರಲ್ಲ. ಎದ್ದು ನಿಂತವನಿಗೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ, ಹಿಂದಿನವರು ಕಿಸಕ್ಕನೆ ನಗುತ್ತಾರೆ, ಪಕ್ಕದವನು ಪುಸ್ತಕದೊಳಗೆ ಮುಖ ಹುದುಗಿಸಿ ಏನೋ ಪಿಸುಗುಡುತ್ತಾನೆ, ಅದು ಅರ್ಧಂಬರ್ಧ ಕೇಳುತ್ತದೆ. ತಪ್ಪು ಹೇಳಿ ನಗೆಪಾಟಲಾಗುವುದಕ್ಕಿಂತ "ಗೊತ್ತಿಲ್ರಿ ಸರ" ಎಂದು ನಿಂತುಬಿಡುವುದೇ ಮೇಲು ಎಂಬ ಬುದ್ಧಿ ನಾಲ್ಕನೇ ಇಯತ್ತೆಗೆಲ್ಲ ಬಂದಿರುತ್ತದೆ.

ಇದೇ ಸನ್ನಿವೇಶವನ್ನು ಎತ್ತಿಕೊಂಡು ಜಪಾನಿನ ಅಟ್ಲಸ್ ಕಂಪನಿ ವಿಡಿಯೊ ಗೇಮ್ ಮಾಡಿದೆ, ಅದನ್ನು ಜಗತ್ತು ದುಡ್ಡು ಕೊಟ್ಟು ಆಡುತ್ತಿದೆ. 'ಪರ್ಸೋನಾ' ಎಂಬ ಈ ಸರಣಿಯ ಮೂರನೆಯ ಆಟ ಬಂದದ್ದು 2006ರಲ್ಲಿ, ನಾಲ್ಕನೆಯದು 2008ರಲ್ಲಿ. ಐದನೆಯದು 2016ರಲ್ಲಿ ಜಪಾನಿನಲ್ಲೂ ಮರುವರ್ಷ ಉಳಿದ ದೇಶಗಳಲ್ಲೂ ಬಿಡುಗಡೆಯಾಯಿತು. ಆರ್‌ಪಿಜಿ ಎಂದು ಕರೆಯುವ ಜಾತಿಯ ಆಟ ಇದು. ಆಡುವವನು ಒಂದು ಪಾತ್ರವನ್ನು ಹೊಕ್ಕು ಕಥೆಯುದ್ದಕ್ಕೂ ಬದುಕಬೇಕು. ಪಾತ್ರದ ಬಲ, ಧೈರ್ಯ, ಜ್ಞಾನ ಎಲ್ಲಕ್ಕೂ ಲೆಕ್ಕ ಇರುತ್ತದೆ, ಮಾಡಿದ ಕೆಲಸಕ್ಕೆ ತಕ್ಕಂತೆ ಅದು ಏರುತ್ತದೆ. ಇಲ್ಲಿಯ ನಾಯಕ ಹೈಸ್ಕೂಲು ಹುಡುಗ. ಶಾಲೆ ಬಿಟ್ಟ ಮೇಲೆ ಮನುಷ್ಯರ ಮನಸ್ಸಿನೊಳಗಿನ ರಾಕ್ಷಸರ ಜೊತೆ ಬಡಿದಾಡುತ್ತಾನೆ, ಮರುದಿನ ಬೆಳಿಗ್ಗೆ ಮತ್ತೆ ಚೀಲ ಹೊತ್ತು ತರಗತಿಗೆ ಬರುತ್ತಾನೆ.

ಐದನೆಯ ಆಟದ ಹುಡುಗನ ಮೇಲೆ ಪೊಲೀಸ್ ಕೇಸಿದೆ. ಹಳೆಯ ಶಾಲೆ ಹೊರಗೆ ಹಾಕಿದೆ, ಟೋಕಿಯೊದ ಹೊಸ ಶಾಲೆಯಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ಗುಸುಗುಸು ಆಡುತ್ತಾರೆ. ಅಂಥವನನ್ನೇ ಮೇಷ್ಟ್ರು ಬೇಕೆಂದು ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ. ಉಶಿಮಾರು ಎಂಬ ಮೇಷ್ಟ್ರಂತೂ ಗಮನ ಕೊಡದ ಹುಡುಗನ ತಲೆಗೆ ಗುರಿಯಿಟ್ಟು ಚಾಕ್‌ಪೀಸ್ ಎಸೆಯುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಕಡೆಯ ಮೇಷ್ಟ್ರು ಜಪಾನಿನವರಿಗೆ ಏನೂ ಕಡಿಮೆಯಿಲ್ಲ ಎಂದು ಓದುಗರಿಗೆ ಹೇಳಬೇಕಾಗಿಲ್ಲ.

ಪರದೆಯ ಮೇಲೆ ಕೆಲವು ಉತ್ತರಗಳು ಬರುತ್ತವೆ, ಒಂದನ್ನು ಆರಿಸಬೇಕು. ಪ್ರಶ್ನೆಗಳು ಪಠ್ಯಪುಸ್ತಕದ ಕೊನೆಯ ಪುಟದಿಂದ ಕಿತ್ತವಲ್ಲ. ನಕ್ಷೆಯಲ್ಲಿ ಅಕ್ಕಪಕ್ಕದ ಸೀಮೆಗಳು ಒಂದೇ ಬಣ್ಣವಾಗದಂತೆ ತುಂಬಲು ನಾಲ್ಕು ಬಣ್ಣ ಸಾಕೆನ್ನುವ ಗಣಿತದ ಪ್ರಮೇಯದ ಬಗ್ಗೆ ಒಂದು ಪ್ರಶ್ನೆಯಿದೆ. 1852ರಲ್ಲಿ ಎದ್ದ ಈ ಸಂದೇಹವನ್ನು ಅಪೆಲ್ ಮತ್ತು ಹಾಕೆನ್ ಎಂಬ ಗಣಿತಜ್ಞರು ಕಂಪ್ಯೂಟರಿನ ನೆರವಿನಿಂದ ಬಗೆಹರಿಸಿದ್ದು 1976ರಲ್ಲಿ. ಕರ್ನಾಟಕದ 31 ಜಿಲ್ಲೆಗಳ ನಕ್ಷೆ ಹರವಿ ಮಕ್ಕಳ ಕೈಗೆ ನಾಲ್ಕು ಬಣ್ಣದ ಪೆನ್ಸಿಲ್ ಕೊಟ್ಟು ನೋಡಿ, ಅರ್ಧ ದಿನ ಸದ್ದಿರುವುದಿಲ್ಲ. ಇನ್ನೊಂದು ಪ್ರಶ್ನೆ 16ನೇ ಶತಮಾನದ ಕಳ್ಳ ಇಶಿಕಾವಾ ಗೋಯೆಮೊನ್‌ನ ಬಗ್ಗೆ. ಅವನನ್ನು ಜನರೆದುರು ಕಡಾಯಿಯಲ್ಲಿ ಬೇಯಿಸಿ ಕೊಂದರು. ಆಟದ ನಾಯಕನೂ ಗುಟ್ಟಾಗಿ ಕಳ್ಳರ ಗುಂಪು ಕಟ್ಟಿದವನೇ. ಪಾಠದ ಪ್ರಶ್ನೆ ಅವನ ಎದೆಗೇ ಬಂದು ನಾಟುವಂತೆ ಬರೆದಿದ್ದಾರೆ.

ಸರಿ ಉತ್ತರ ಹೇಳಿದರೆ ತರಗತಿಯಲ್ಲಿ "ಅರೆ, ಇವನಿಗೆ ಗೊತ್ತಲ್ಲ" ಎಂಬ ಗುಲ್ಲು, ಅದರ ಜೊತೆಗೆ ಜ್ಞಾನದ ಅಂಕ ಏರುತ್ತದೆ. ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ: ಮೇ, ಜುಲೈ, ಅಕ್ಟೋಬರ್, ಡಿಸೆಂಬರ್. ಅದರಲ್ಲಿ ಮೊದಲಿಗನಾದರೆ ಇಡೀ ಶಾಲೆ ಅವನನ್ನು ನೋಡುವ ಕಣ್ಣು ಬದಲಾಗುತ್ತದೆ. ಮೂರನೆಯ ಆಟದಲ್ಲಿ ಇನ್ನೂ ಸೊಗಸಾದ ಏರ್ಪಾಡಿದೆ. ಕೆಲವೊಮ್ಮೆ ಮೇಷ್ಟ್ರು ಎಬ್ಬಿಸುವುದು ಗೆಳೆಯ ಜುಂಪೆಯನ್ನು, ಅವನು ನಿಮ್ಮ ಕಡೆ ತಿರುಗಿ ಮೆಲ್ಲಗೆ ಉತ್ತರ ಕೇಳುತ್ತಾನೆ. ಹೇಳಿಕೊಟ್ಟರೆ ನಿಮ್ಮ ವರ್ಚಸ್ಸಿನ ಅಂಕ ಏರುತ್ತದೆ. ನಮ್ಮಲ್ಲಿ ಹೇಳಿಕೊಟ್ಟವನನ್ನೂ ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ತಪ್ಪು ಹೇಳಿದರೆ? ಏನೂ ಆಗುವುದಿಲ್ಲ. ಬರಬೇಕಾದ ಅಂಕ ಬರಲಿಲ್ಲ ಅಷ್ಟೆ. ಇದ್ದ ಜ್ಞಾನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಕಥೆ ಮುಂದೆ ಸಾಗುತ್ತದೆ. ಈ ಆಟಗಳಿಂದ ಶಾಲೆಗೆ ಕಲಿಯುವುದೇನಾದರೂ ಇದ್ದರೆ ಅದು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರಶ್ನೆ ಕಠಿಣವೋ ಸುಲಭವೋ ಎಂಬುದಕ್ಕಿಂತ, ತಪ್ಪಿದರೆ ಎಷ್ಟು ತೆರಬೇಕು ಎಂಬ ಲೆಕ್ಕದ ಮೇಲೆ ಮಗು ಕೈ ಎತ್ತುತ್ತದೆ ಅಥವಾ ಇಳಿಸುತ್ತದೆ.

ಒಂದೊಂದು ಆಟ ಒಂದೊಂದು ದಂಡ ಗೊತ್ತುಮಾಡಿದೆ. 1999ರ 'ಫೈನಲ್ ಫ್ಯಾಂಟಸಿ 8'ರಲ್ಲಿ ನಾಯಕ ಸಂಬಳದ ಸೈನಿಕ. ಅವನಿಗೆ 30 ಲಿಖಿತ ಪರೀಕ್ಷೆಗಳು, ಒಂದೊಂದರಲ್ಲಿ ಹೌದು-ಅಲ್ಲ ಎನ್ನುವ ಹತ್ತು ಪ್ರಶ್ನೆ. ಹತ್ತಕ್ಕೆ ಹತ್ತೂ ಸರಿಯಾದರೆ ದರ್ಜೆ ಏರಿ ಸಂಬಳ ಹೆಚ್ಚುತ್ತದೆ. ಸರ್ಕಾರಿ ನೌಕರರ ಇಲಾಖಾ ಪರೀಕ್ಷೆಯ ನೆನಪಾದರೆ ತಪ್ಪಿಲ್ಲ. 1996ರ ಮೊದಲ 'ಪೋಕೆಮಾನ್' ಆಟಗಳಲ್ಲಿ ಒಂದು ದ್ವೀಪದ ಅಖಾಡದ ತುಂಬ ಬಾಗಿಲುಗಳು, ಪ್ರತಿ ಬಾಗಿಲಿಗೂ ಒಂದು ಪ್ರಶ್ನೆ. ಸರಿ ಹೇಳಿದರೆ ಬಾಗಿಲು ತೆರೆಯುತ್ತದೆ, ತಪ್ಪಿದರೆ ಕಾವಲಿನವನ ಜೊತೆ ಕಾಳಗ. ಗೆದ್ದರೆ ಆಗಲೂ ದಾರಿ ಬಿಡುತ್ತಾನೆ. ಇದೇ ಸರಣಿಯ 2022ರ ಆಟಗಳಾದ 'ಸ್ಕಾರ್ಲೆಟ್', 'ವಯೊಲೆಟ್'ಗಳಲ್ಲಿ ಇಡೀ ಶಾಲೆಯೇ ಇದೆ, ತರಗತಿಯ ಪ್ರಶ್ನೆಗಳೂ ಮಧ್ಯಾವಧಿ ಪರೀಕ್ಷೆಯೂ ಇವೆ. ದಂಡ ಅತಿ ದುಬಾರಿಯಾದದ್ದು ನಮ್ಮ ಮಹಾಭಾರತದಲ್ಲೇ. ಯಕ್ಷನ ಕೊಳದ ದಂಡೆಯಲ್ಲಿ ಧರ್ಮರಾಯನ ನಾಲ್ವರು ತಮ್ಮಂದಿರು ಬಿದ್ದದ್ದು ತಪ್ಪು ಉತ್ತರ ಹೇಳಿಯೂ ಅಲ್ಲ, ಪ್ರಶ್ನೆಗೆ ಕಿವಿಗೊಡದೆ ನೀರಿಗೆ ಬಾಯಿ ಹಾಕಿದ್ದಕ್ಕೆ.

ಹಾಗಂತ ಆಟಗಳನ್ನು ಅಟ್ಟಕ್ಕೇರಿಸುವುದು ಬೇಡ. ಪರ್ಸೋನಾ ಆಡುವವರಲ್ಲಿ ಎಷ್ಟೋ ಮಂದಿ ಪ್ರಶ್ನೆ ಬಂದಾಗ ಯೋಚಿಸುವುದಿಲ್ಲ. ಯಾವ ತಾರೀಖಿಗೆ ಯಾವ ಉತ್ತರ ಎಂಬ ಪಟ್ಟಿ ಇಂಟರ್ನೆಟ್ಟಿನಲ್ಲಿ ಸಿದ್ಧವಿದೆ, ನೋಡಿ ಒತ್ತುತ್ತಾರೆ. ಐದನೆಯ ಆಟದಲ್ಲಂತೂ ನಕಲನ್ನು ತಯಾರಕರೇ ಒಳಗಿಟ್ಟಿದ್ದಾರೆ. ಒಂದು ಗುಂಡಿ ಒತ್ತಿದರೆ ಬೇರೆ ಆಟಗಾರರಲ್ಲಿ ನೂರಕ್ಕೆ ಎಷ್ಟು ಮಂದಿ ಯಾವ ಉತ್ತರ ಆರಿಸಿದರು ಎಂಬುದು ಕಾಣುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಕೈಗೆ ಬರುವ 'ಪಾಸಿಂಗ್ ಪ್ಯಾಕೇಜ್' ಇದರ ಅಣ್ಣ. ಇಷ್ಟು ಪ್ರಶ್ನೆ ಬಾಯಿಪಾಠ ಮಾಡು, ಇಷ್ಟು ಚಿತ್ರ ಬರೆದು ರೂಢಿಮಾಡು, ದಾಟಿಬಿಡು. ದಾಟಿದವನಿಗೆ ಅದರಿಂದ ಅನುಕೂಲವಾಗಿದೆ, ಬೈಯುವುದು ಸುಲಭದ ಮಾತು. ಆದರೆ ಪಟ್ಟಿ ನೋಡಿ ಆಡಿದವನಿಗೆ ನಾಲ್ಕು ಬಣ್ಣದ ಗಣಿತ ಎಷ್ಟು ತಿಳಿಯಿತೋ, ಪ್ಯಾಕೇಜ್ ಓದಿದವನಿಗೂ ಪಾಠ ಅಷ್ಟೇ ತಿಳಿದಿರುತ್ತದೆ.

ಇನ್ನೊಂದು ಮಾತು. ಈ ಆಟಗಳು ಬೆಲೆಬಾಳುವವು, ಕನ್ಸೋಲೋ ಒಳ್ಳೆಯ ಕಂಪ್ಯೂಟರೋ ಬೇಕು, ಮೇಲೆ ಇಂಗ್ಲಿಷೂ ಬರಬೇಕು. ವಾಡಿಯಲ್ಲೋ ಶಹಾಬಾದದಲ್ಲೋ ಹುಡುಗರ ಕೈಯಲ್ಲಿರುವುದು ಅಪ್ಪನ ಮೊಬೈಲು, ಅದರೊಳಗೆ ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ಎಂಬ ಬಂದೂಕಿನ ಆಟಗಳು. ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಕನ್ನಡದಲ್ಲಿ ಪುಕ್ಕಟೆ ಸಿಗುವುದರಲ್ಲಿ ಒಂದು ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಗಣಿತದ ಆ್ಯಪ್. ಸಾದಾ ಫೋನಿನಲ್ಲಿ, ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಆಟವಿದೆ, ರಾಕ್ಷಸರಿಲ್ಲ, ಕಥೆಯೂ ಅಷ್ಟಕ್ಕಷ್ಟೆ.

ಲೆಕ್ಕಕ್ಕೆ ಕಥೆ ಬೇಕೆಂಬುದು ಈ ನೆಲಕ್ಕೆ ಹೊಸ ಸಂಗತಿಯಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಮಳಖೇಡ ಎಂದ ತಕ್ಷಣ ನಾವು 'ಕವಿರಾಜಮಾರ್ಗ' ಎನ್ನುತ್ತೇವೆ, ಅಲ್ಲಿಗೆ ನಿಲ್ಲಿಸುತ್ತೇವೆ. ಆ ಕೃತಿ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಸುಮಾರು 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಗ್ರಂಥದ ಆರಂಭದಲ್ಲಿ ರಾಜನನ್ನು ಹೊಗಳುತ್ತಾನೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷಿಗೆ ತಂದರು, 2000ದಲ್ಲಿ ಮೈಸೂರಿನ ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು ಹೊಂಬುಜದಿಂದ ಪ್ರಕಟಿಸಿದರು. ಅಮೋಘವರ್ಷನ ಹೆಸರಿನಲ್ಲೇ 'ಪ್ರಶ್ನೋತ್ತರ ರತ್ನಮಾಲಿಕೆ' ಎಂಬ ಸಂಸ್ಕೃತ ಕೃತಿಯೊಂದೂ ಇದೆ, ಪೂರ್ತಿ ಪ್ರಶ್ನೆ-ಉತ್ತರದ ರೂಪದಲ್ಲಿ. ಶಂಕರಾಚಾರ್ಯರದು ಎನ್ನುವವರೂ ಇದ್ದಾರೆ, ಆದರೆ ಟಿಬೆಟಿನ ಅನುವಾದ ಅಮೋಘವರ್ಷನ ಹೆಸರನ್ನೇ ಹೇಳುತ್ತದೆ. ಪ್ರಶ್ನೆ ಕೇಳುವುದನ್ನೇ ಸಾಹಿತ್ಯ ಮಾಡಿಕೊಂಡ ಕಾಲ.

ಮಹಾವೀರಾಚಾರ್ಯನ ಒಂದು ಲೆಕ್ಕ ನೋಡಿ. ಪ್ರಣಯಕಲಹದಲ್ಲಿ ಒಬ್ಬಾಕೆಯ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ದಾಸಿಯ ಕೈಸೇರಿತು, ಆರರಲ್ಲೊಂದು ಪಾಲು ಹಾಸಿಗೆಗೆ ಬಿತ್ತು, ಉಳಿದದ್ದರಲ್ಲಿ ಅರ್ಧ, ಮತ್ತೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿಯಾಗಿ 1,161 ಮುತ್ತು ಉಳಿದವು. ಒಟ್ಟು ಎಷ್ಟಿದ್ದವು? 1,48,608. ಸುಮಾರು ಒಂದೂವರೆ ಲಕ್ಷ ಮುತ್ತು ಹೊತ್ತ ಆ ಕತ್ತು ಎಂಥದ್ದೋ ಎಂದು ಕೇಳುವ ಹುಡುಗ ತರಗತಿಯಲ್ಲಿ ಖಂಡಿತ ಇರುತ್ತಾನೆ, ಇರಬೇಕು ಕೂಡ.

ನನಗೆ ಹಿಡಿಸಿದ್ದು ಇನ್ನೊಂದು. ಮೂವರು ವ್ಯಾಪಾರಿಗಳು ದಾರಿಯಲ್ಲಿ ಹಣದ ಚೀಲ ಕಾಣುತ್ತಾರೆ. ಒಬ್ಬ ಹೇಳುತ್ತಾನೆ, ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣಕ್ಕೆ ಎರಡರಷ್ಟು ನನ್ನದಾಗುತ್ತದೆ. ಎರಡನೆಯವನು, ನನಗೆ ಸಿಕ್ಕರೆ ಮೂರರಷ್ಟು. ಮೂರನೆಯವನು, ನನಗಾದರೆ ಐದರಷ್ಟು. ಚೀಲದಲ್ಲಿ ಎಷ್ಟು, ಯಾರ ಬಳಿ ಎಷ್ಟು? ಚೀಲದಲ್ಲಿ 15, ಕೈಯಲ್ಲಿ 1, 3, 5 ಎಂದರೆ ಕೂಡಿ ನೋಡಿ, ಸರಿಬರುತ್ತದೆ. ಈ ಲೆಕ್ಕದಲ್ಲಿ ಪಾತ್ರಗಳಿವೆ, ಆಸೆಯಿದೆ, ಒಳಗೊಳಗೆ ಜಗಳದ ವಾಸನೆಯಿದೆ. ಬಿಡಿಸುವವನು ಮೂವರಲ್ಲಿ ಒಬ್ಬನ ಪಕ್ಷ ವಹಿಸದೆ ಇರಲಾರ. ಬಡವನಾದ ಮೊದಲನೆಯವನಿಗೇ ಚೀಲ ಸಿಗಲಿ ಎಂಬುದು ನನ್ನ ಮತ. ಇದನ್ನೇ ಎಕ್ಸ್, ವೈ, ಝಡ್ ಎಂದು ಬರೆದು ಹಲಗೆಯ ಮೇಲೆ ಇಟ್ಟರೆ ಮೂರು ಸಮೀಕರಣ ಉಳಿಯುತ್ತವೆ, ವ್ಯಾಪಾರಿಗಳು ಓಡಿಹೋಗುತ್ತಾರೆ.

ಕಥೆ ಒಂದು ಕಡೆ, ದಂಡ ಇನ್ನೊಂದು ಕಡೆ. ದಂಡದ ವಿಷಯದಲ್ಲಿ ಕರ್ನಾಟಕ ತನ್ನದೇ ಪ್ರಯೋಗ ಮಾಡಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಪದ್ಧತಿ ಶುರುಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಚಿಂಚೋಳಿಯ ತಾಂಡಾದ ಶಾಲೆಯಿರಲಿ, ಕೊಡ್ಲಿಯ ಶಾಲೆಯಿರಲಿ, ಸಣ್ಣ ಮಕ್ಕಳ ಕೋಣೆಯ ಗೋಡೆಯ ಮೇಲಿನ 'ಕಲಿಕಾ ಏಣಿ'ಯನ್ನು ಒಮ್ಮೆ ನೋಡಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರದ ಗುರುತು. ಮಗು ತಾನು ನಿಂತ ಮೆಟ್ಟಿಲು ಹುಡುಕಿ, ಆ ಗುರುತಿನ ಕಾರ್ಡು ಎತ್ತಿಕೊಂಡು, ಅದಕ್ಕೆ ತಕ್ಕ 'ತಟ್ಟೆ'ಯ ಗುಂಪಿನಲ್ಲಿ ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರು ಹೇಳಿಕೊಡುತ್ತಾರೆ, ಒಂದರಲ್ಲಿ ಜೊತೆಯ ಮಕ್ಕಳು, ಇನ್ನೊಂದರಲ್ಲಿ ತಾನೇ. ಬರಲಿಲ್ಲವೆಂದರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ಕಾರ್ಡು. ಎದ್ದು ನಿಲ್ಲಿಸುವುದಿಲ್ಲ, ನಗುವುದಿಲ್ಲ. ಪಕ್ಕದವಳು ಎರಡು ಮೆಟ್ಟಿಲು ಮೇಲಿದ್ದಾಳೆ, ಅದು ಅವಳ ಪಾಡು.

ಅಟ್ಲಸ್ ಕಂಪನಿಯವರು ಈ ಏಣಿ ನೋಡಿದ್ದರೆ ತಮ್ಮ ಜಾತಿಯದೇ ಎಂದು ಗುರುತು ಹಿಡಿಯುತ್ತಿದ್ದರು. ದೂರುಗಳೂ ಉಂಟು: ಒಬ್ಬರೇ ಟೀಚರು ಮೂರು ತರಗತಿಯ ಮಕ್ಕಳನ್ನು ಐದು ತಟ್ಟೆಯಲ್ಲಿ ಕೂರಿಸಿ ಸಂಭಾಳಿಸಬೇಕು, ಕಾರ್ಡು ಹರಿದರೆ ಹೊಸದು ಬರುವುದಿಲ್ಲ, ಮೆಟ್ಟಿಲು ಹತ್ತಿದಂತೆ ತೋರಿಸಿ ಗುರುತು ಹಾಕುವುದೂ ನಡೆಯುತ್ತದೆ. ಅದೆಲ್ಲ ನಿಜವೇ. ಆದರೂ ತಪ್ಪಿಗೆ ದಂಡವಿಲ್ಲದ ಕೋಣೆ ನಮ್ಮ ಸರ್ಕಾರಿ ಶಾಲೆಯಲ್ಲಿ ಒಂದಿದ್ದರೆ ಅದು ಇದೇ. ಮೂರನೇ ಇಯತ್ತೆಗೆ ಅದು ಮುಗಿಯುತ್ತದೆ. ನಾಲ್ಕಕ್ಕೆ ಬಂದೊಡನೆ ಬೆಂಚು, ಪುಸ್ತಕ, "ಎದ್ದು ನಿಂದ್ರು."

ಅಲ್ಲಿಂದ ಹತ್ತರವರೆಗೆ ಬಂದ ಮಗು 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಹೇಗೆ ಬರೆಯಿತು ಎಂಬುದು ಎಲ್ಲರಿಗೂ ಗೊತ್ತಿದೆ. ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆ. ಫಲಿತಾಂಶ ಬಂದಾಗಲೆಲ್ಲ ಮಕ್ಕಳದ್ದೇ ತಪ್ಪು, ಮೇಷ್ಟ್ರದ್ದೇ ತಪ್ಪು ಎಂದು ಒಂದು ವಾರ ಗದ್ದಲವಾಗುತ್ತದೆ. ನಕಲು ತಡೆಯಲು ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ನೋಡುವ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ, ಅದೇ ವರ್ಷ ಇನ್ನೊಂದು ಬದಲಾವಣೆಯೂ ಬಂತು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಯುತ್ತದೆ. ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಹೋಯಿತು. ಇದ್ದ ಅಂಕ ಕಿತ್ತುಕೊಳ್ಳದೆ ಮತ್ತೊಂದು ಸಲ ಆಡಲು ಬಿಡುವ ನಿಯಮ. ಕ್ಯಾಮೆರಾದ ಬಗ್ಗೆ ಎಲ್ಲರೂ ಮಾತಾಡಿದರು, ಈ ನಿಯಮದ ಬಗ್ಗೆ ಮಾತು ಕಡಿಮೆಯಾಯಿತು.

ನಿಯಮ ಕಾಗದದ ಮೇಲಿದ್ದರೆ ಸಾಲದು. ವಿಡಿಯೊ ಗೇಮು ಆಡುವವನಿಗಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಇಲ್ಲಿ ಹಾಗಲ್ಲ. ಪರೀಕ್ಷೆ-1ರ ಫಲಿತಾಂಶ ಬರುವುದು ಬೇಸಿಗೆಯ ಬಿಸಿಲಿನಲ್ಲಿ. ಚಿಂಚೋಳಿ, ಚಿತ್ತಾಪುರದ ಎಷ್ಟೋ ಮನೆಗಳು ಆಗ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋಗಿರುತ್ತವೆ. ಹುಡುಗ ಫೇಲಾದ ಸುದ್ದಿ ಫೋನಿನಲ್ಲಿ ಮುಟ್ಟುತ್ತದೆ, ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸುವ ಕೊನೆಯ ದಿನ ಮುಟ್ಟುವುದಿಲ್ಲ. ಮನೆ ಮನೆಗೆ ಹೋಗಿ, ಊರಲ್ಲಿಲ್ಲದವರಿಗೆ ಫೋನು ಹಚ್ಚಿ, "ಇನ್ನೂ ಪರೀಕ್ಷೆ ಅದ, ಹುಡುಗನ್ನ ಕಳಿಸ್ರಿ" ಎಂದು ಅರ್ಜಿ ತುಂಬಿಸುವ ಮುಖ್ಯ ಶಿಕ್ಷಕರೂ ನಮ್ಮಲ್ಲಿದ್ದಾರೆ. ಬೇಸಿಗೆಯಲ್ಲಿ ಅವರ ಫೋನಿಗೆ ಕರೆನ್ಸಿ ಯಾರು ಹಾಕಿಸುತ್ತಾರೆ ಎಂದು ಶಿಕ್ಷಣ ಇಲಾಖೆಯನ್ನು ಒಮ್ಮೆ ಕೇಳಬೇಕು.