ನೀಲಿ ಚುಕ್ಕೆಯೂ ನದಿಯ ದಿಕ್ಕೂ

ಪರಿಚಯವಿಲ್ಲದ ನಗರವೊಂದಕ್ಕೆ ಕಾಲಿಟ್ಟ ಮನುಷ್ಯನ ಮುಂದೆ ಮೂರು ಪ್ರಶ್ನೆಗಳು ನಿಲ್ಲುತ್ತವೆ. ನಾನು ಈಗ ಎಲ್ಲಿದ್ದೇನೆ? ಯಾವ ದಿಕ್ಕಿಗೆ ಮುಖಮಾಡಿದ್ದೇನೆ? ಸೇರಬೇಕಾದ ಸ್ಥಳಕ್ಕೆ ಯಾವ ಮಾರ್ಗವಾಗಿ ಹೋಗಬೇಕು? ಹಿಂದಿನ ಯಾತ್ರಿಕನು ಇವುಗಳಿಗೆ ಉತ್ತರವನ್ನು ಸೂರ್ಯನಿಂದಲೋ ನಕ್ಷತ್ರಗಳಿಂದಲೋ ಎದುರು ಬಂದ ದಾರಿಹೋಕನಿಂದಲೋ ಪಡೆಯುತ್ತಿದ್ದನು. ಇಂದಿನವನು ಅಂಗೈಯಗಲದ ಗಾಜಿನ ಮೇಲೆ ಮಿನುಗುವ ಒಂದು ನೀಲಿ ಚುಕ್ಕೆಯಿಂದ ಪಡೆಯುತ್ತಾನೆ. ಮೂರು ಉತ್ತರಗಳೂ ಒಂದೇ ಸಾಧನದಲ್ಲಿ ತೋರುವುದರಿಂದ ಅವು ಒಂದೇ ಮೂಲದಿಂದ ಬಂದವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಮೊದಲನೆಯದನ್ನು ಉಪಗ್ರಹಗಳೂ, ಎರಡನೆಯದನ್ನು ಫೋನಿನೊಳಗಿನ ದಿಕ್ಸೂಚಿಯೂ, ಮೂರನೆಯದನ್ನು ಮನುಷ್ಯರು ರಚಿಸಿದ ನಕ್ಷೆಯೂ ಒದಗಿಸುತ್ತವೆ; ಒಂದೊಂದಕ್ಕೂ ಅದರದೇ ಆದ ಸಾಮರ್ಥ್ಯವಿದೆ, ಅದರದೇ ಆದ ದೋಷವಿದೆ. ಈ ಮೂರನ್ನೂ ಬೇರ್ಪಡಿಸಿ ತಿಳಿದವನು ದಾರಿ ತಪ್ಪಿದರೂ ಕಂಗೆಡುವುದಿಲ್ಲ.

ಈ ವಿಷಯವನ್ನು ವಿವರಿಸಲು ಕಾಶಿಗಿಂತ ಉತ್ತಮವಾದ ನಗರ ನನಗೆ ತೋಚದು. ಕನ್ನಡಿಗರಿಗೆ ಅದು ದೂರದ ಊರಾದರೂ ಅನ್ಯವಾದ ಊರಲ್ಲ. ಅಲ್ಲಿ ಜಂಗಮವಾಡಿ ಮಠವಿದೆ, ಹರಿಶ್ಚಂದ್ರ ಘಾಟಿನ ಪಕ್ಕದಲ್ಲಿಯೇ ಕರ್ನಾಟಕದ ಹೆಸರು ಹೊತ್ತ ಘಾಟೊಂದಿದೆ. ಆದರೂ ಅದರ ಗಲ್ಲಿಗಳಲ್ಲಿ ಮೊದಲ ದಿನ ದಾರಿ ತಪ್ಪದ ಯಾತ್ರಿಕನು ವಿರಳ.

ಆಕಾಶದ ಗಡಿಯಾರಗಳು

ಕೆಲವು ವರ್ಷಗಳ ಹಿಂದೆ ಮಾಘಮಾಸದ ಒಂದು ಮುಂಜಾನೆ ನಾನೂ ನನ್ನ ಅಕ್ಕನೂ ಗಂಗಾಸ್ನಾನಕ್ಕೆಂದು ಹೊರಟಿದ್ದೆವು. ಗಲ್ಲಿಯೊಂದನ್ನು ಹೊಕ್ಕು ನೂರು ಹೆಜ್ಜೆ ನಡೆಯುವಷ್ಟರಲ್ಲಿ ನನ್ನ ಫೋನಿನ ನೀಲಿ ಚುಕ್ಕೆ ನಾವು ನಡೆಯುತ್ತಿದ್ದ ಗಲ್ಲಿಯನ್ನು ಬಿಟ್ಟು ಪಕ್ಕದ ಗಲ್ಲಿಗೆ ಜಿಗಿಯಿತು, ಮರುಕ್ಷಣ ಒಂದು ಮನೆಯ ನಡುವೆ ನಿಂತಿತು, ಅನಂತರ ನಾವು ಬಂದ ದಾರಿಯತ್ತಲೇ ಹಿಂದಿರುಗಿತು. ಚುಕ್ಕೆ ಹೀಗೇಕೆ ಅಲೆಯಿತೆಂಬುದನ್ನು ತಿಳಿಯಬೇಕಾದರೆ, ಅದು ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು.

ಜಿಪಿಎಸ್ ಎಂಬ ವ್ಯವಸ್ಥೆ ಅಮೆರಿಕದ ರಕ್ಷಣಾ ಇಲಾಖೆಯದು. 1973ರಲ್ಲಿ ಅದರ ಕಾರ್ಯ ಆರಂಭವಾಯಿತು. 1978ರಲ್ಲಿ ಮೊದಲ ಉಪಗ್ರಹ ಕಕ್ಷೆಯನ್ನು ಸೇರಿತು. 1995ರ ವೇಳೆಗೆ ವ್ಯವಸ್ಥೆ ಪೂರ್ಣವಾಯಿತು. ಸಾರ್ವಜನಿಕರಿಗೆ ದೊರೆಯುತ್ತಿದ್ದ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆಯೇ ಅದು ಸಾಮಾನ್ಯ ಜನರ ದಾರಿದೀಪವಾಗಿ ಪರಿಣಮಿಸಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುವ ಈ ಉಪಗ್ರಹಗಳು ನಮ್ಮನ್ನು ನೋಡುತ್ತಿವೆಯೆಂದೂ ನಮ್ಮ ಚಲನೆಯನ್ನು ಅವು ಬಲ್ಲವೆಂದೂ ಅನೇಕರು ನಂಬಿರುವರು. ಅದು ಸರಿಯಲ್ಲ. ಉಪಗ್ರಹವು ದೇವಾಲಯದ ಗಂಟೆಯಂತೆ ತನ್ನ ಪಾಡಿಗೆ ತಾನು ನಾದಗೈಯುತ್ತದೆ. ಕೇಳುವ ಕೆಲಸ ನಮ್ಮ ಫೋನಿನದು. ಆದುದರಿಂದಲೇ ಸಿಮ್ ಇಲ್ಲದ, ಇಂಟರ್‌ನೆಟ್ ಇಲ್ಲದ ಫೋನೂ ತಾನಿರುವ ಸ್ಥಾನವನ್ನು ಲೆಕ್ಕಹಾಕಬಲ್ಲುದು.

ಪ್ರತಿಯೊಂದು ಉಪಗ್ರಹದಲ್ಲಿಯೂ ಪರಮಾಣು ಗಡಿಯಾರವಿರುತ್ತದೆ. ಅದು ಕಳುಹಿಸುವ ಸಂದೇಶದ ಸಾರ ಇಷ್ಟೇ: ನಾನು ಇಂತಹ ಸ್ಥಳದಲ್ಲಿದ್ದೇನೆ, ಈಗ ಸಮಯ ಇಷ್ಟು. ಈ ಸಂದೇಶ ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಸಾಗಿಬಂದರೂ, ನೆತ್ತಿಯ ಮೇಲಿರುವ ಉಪಗ್ರಹದಿಂದ ನಮ್ಮನ್ನು ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಆ ವಿಳಂಬವನ್ನು ಅಳೆದರೆ ದೂರ ದೊರೆಯಿತು. ಒಂದು ಉಪಗ್ರಹದ ದೂರ ತಿಳಿದರೆ ನಾವು ಅದರ ಸುತ್ತಲಿನ ಒಂದು ಗೋಳದ ಮೇಲೆ ಎಲ್ಲಿಯೋ ಇದ್ದೇವೆಂದಾಯಿತು. ಎರಡು ಗೋಳಗಳು ಒಂದು ವೃತ್ತದಲ್ಲಿ ಸಂಧಿಸುತ್ತವೆ. ಮೂರನೆಯ ಗೋಳ ಆ ವೃತ್ತವನ್ನು ಎರಡು ಬಿಂದುಗಳಲ್ಲಿ ಛೇದಿಸುತ್ತದೆ, ಅವುಗಳಲ್ಲಿ ಭೂಮಿಯ ಮೇಲಿನದು ಒಂದೇ. ಹೀಗಿದ್ದರೂ ನಾಲ್ಕನೆಯ ಉಪಗ್ರಹ ಬೇಕಾಗುವುದು, ನಮ್ಮ ಫೋನಿನ ಅಗ್ಗದ ಗಡಿಯಾರ ನಂಬಲರ್ಹವಲ್ಲದ ಕಾರಣ. ಅದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಿದರೂ ದೂರ 300 ಮೀಟರುಗಳಷ್ಟು ತಪ್ಪುತ್ತದೆ. ಆ ತಪ್ಪನ್ನು ಕಂಡುಹಿಡಿದು ಕಳೆಯಲು ನಾಲ್ಕನೆಯ ಸಾಕ್ಷಿಯ ಅಗತ್ಯವಿದೆ.

ಉಪಗ್ರಹದ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನವೊಂದಕ್ಕೆ ಸುಮಾರು 38 ಮೈಕ್ರೊಸೆಕೆಂಡುಗಳಷ್ಟು ಮುಂದೋಡುತ್ತವೆಂಬ ಸಂಗತಿಯನ್ನು ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದಿಂದ ಮೊದಲೇ ಗಣಿಸಿ ಸರಿಪಡಿಸಲಾಗಿದೆ. ಹಾಗೆ ಮಾಡದಿದ್ದರೆ ದೂರದ ಲೆಕ್ಕ ದಿನಕ್ಕೆ ಹನ್ನೊಂದು ಕಿಲೋಮೀಟರುಗಳಷ್ಟು ದಾರಿತಪ್ಪುತ್ತಿತ್ತು. ರಷ್ಯ, ಯುರೋಪ್ ಮತ್ತು ಚೀನಗಳೂ ಇಂತಹ ವ್ಯವಸ್ಥೆಗಳನ್ನು ಹೊಂದಿವೆ. ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ನಿಯಂತ್ರಣದ ಬಹುಮುಖ್ಯ ಕೇಂದ್ರಗಳು ಹಾಸನದಲ್ಲಿಯೂ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿಯೂ ಇರುವುದು ಕನ್ನಡಿಗರು ಹೆಮ್ಮೆಪಡಬಹುದಾದ ವಿಷಯ.

ಗೋಡೆಗಳ ನಡುವೆ

ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರುಗಳ ಒಳಗೆ ನಮ್ಮ ಸ್ಥಾನವನ್ನು ಹೇಳಬಲ್ಲುದು. ಆದರೆ ಕಾಶಿಯ ಗಲ್ಲಿಯಲ್ಲಿ ತಲೆಯೆತ್ತಿದರೆ, ಮೂರು ನಾಲ್ಕು ಅಂತಸ್ತಿನ ಮನೆಗಳ ಸೂರುಗಳ ನಡುವೆ ಆಕಾಶವು ಪಂಚೆಯ ಅಂಚಿನಷ್ಟೇ ಕಾಣುತ್ತದೆ. ನೇರವಾಗಿ ಕಾಣಬೇಕಾದ ಉಪಗ್ರಹಗಳು ಗೋಡೆಯ ಮರೆಗೆ ಸರಿದಿರುತ್ತವೆ. ಅವುಗಳ ಸಂಕೇತ ಎದುರಿನ ಗೋಡೆಗೆ ತಾಗಿ, ಪ್ರತಿಧ್ವನಿಯಂತೆ ಸುತ್ತಿ ಬಳಸಿ ಫೋನನ್ನು ಮುಟ್ಟುತ್ತದೆ. ಸುತ್ತಿಬಂದ ಸಂಕೇತ ತಡವಾಗಿ ಬರುತ್ತದೆ. ತಡವಾದುದನ್ನು ಫೋನು ದೂರವೆಂದು ಎಣಿಸುತ್ತದೆ. ಗಲ್ಲಿ ಗಲ್ಲಿಗಳ ನಡುವಿನ ಅಂತರ ಇಪ್ಪತ್ತು ಹೆಜ್ಜೆಯಿರುವ ಊರಿನಲ್ಲಿ ಚುಕ್ಕೆ ಮೂವತ್ತು ಮೀಟರ್ ಸರಿದರೆ ಯಾತ್ರಿಕನು ಬೇರೆ ಗಲ್ಲಿಯಲ್ಲಿಯೇ ಇದ್ದಂತೆ. ಚುಕ್ಕೆಯ ಸುತ್ತ ತಿಳಿನೀಲಿಯ ವೃತ್ತವೊಂದು ಹರಡಿರುವುದನ್ನು ಓದುಗರು ಕಂಡಿರಬಹುದು. ಆ ವೃತ್ತದೊಳಗೆ ಎಲ್ಲಿಯೋ ನೀವಿದ್ದೀರಿ, ಇದಕ್ಕಿಂತ ಖಚಿತವಾಗಿ ಹೇಳಲಾರೆನೆಂದು ಯಂತ್ರವೇ ನಿವೇದಿಸಿಕೊಳ್ಳುವ ಪ್ರಾಮಾಣಿಕ ಮಾತು ಅದು. ವೃತ್ತ ಹಿರಿದಾದಾಗ ಚುಕ್ಕೆಯನ್ನು ನಂಬಬಾರದು.

ನಾನು ಫೋನನ್ನು ಮೇಲೆತ್ತಿ ಕೆಳಗಿಳಿಸಿ ತಡಕಾಡುತ್ತಿದ್ದಾಗ ಅಕ್ಕ ನೆಲವನ್ನು ನೋಡುತ್ತಿದ್ದಳು. ಕಲ್ಲುಹಾಸಿನ ಮೇಲೆ ಒದ್ದೆ ಹೆಜ್ಜೆಗಳು ಮೂಡಿದ್ದವು.

"ಅಲ್ನೋಡೋ, ತಂಬಿಗೆ ಹಿಡಿದು ಒದ್ದೆ ಬಟ್ಟೇಲಿ ಬರೋರೆಲ್ಲ ಆ ಕಡೆಯಿಂದಲೇ ಬರ್ತಿದಾರೆ. ಹೊಳೆ ಅಲ್ಲೇ ಇರಬೇಕು."

"ಹೌದಲ್ಲಕ್ಕಾ!" ಎಂದು ಫೋನನ್ನು ಜೇಬಿಗಿಳಿಸಿ ಆ ಹೆಜ್ಜೆಗಳನ್ನು ಹಿಂಬಾಲಿಸಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಗಂಗೆ ಕಣ್ಣೆದುರಿಗೆ ಬಂದಳು. ಘಾಟಿನ ತೆರೆದ ಬಾನಿನಡಿಯಲ್ಲಿ ಫೋನನ್ನು ಮತ್ತೆ ತೆರೆದಾಗ ನೀಲಿ ಚುಕ್ಕೆಯೂ ನಾವು ನಿಂತ ಮೆಟ್ಟಿಲ ಮೇಲೆಯೇ ಅಚಲವಾಗಿ ನಿಂತಿತ್ತು. ಗಲ್ಲಿಯಲ್ಲಿ ನೆಲದ ಗುರುತು, ಬಯಲಿನಲ್ಲಿ ಆಕಾಶದ ಗುರುತು ಎಂಬ ಪಾಠವನ್ನು ಆ ಮುಂಜಾನೆ ನಾನು ಕಲಿತೆನು.

ದಿಕ್ಕಿನ ಅರಿವು

ನಿಂತಲ್ಲೇ ನಿಂತವನು ಯಾವ ಕಡೆಗೆ ಮುಖಮಾಡಿದ್ದಾನೆಂಬುದನ್ನು ಉಪಗ್ರಹಗಳು ಹೇಳಲಾರವು. ನಾಲ್ಕು ಹೆಜ್ಜೆ ನಡೆದರೆ, ಸ್ಥಾನ ಬದಲಾದ ಬಗೆಯಿಂದ ಚಲನೆಯ ದಿಕ್ಕನ್ನು ಫೋನು ಊಹಿಸುತ್ತದೆ. ನಿಂತಾಗ ತನ್ನೊಳಗಿನ ಕಾಂತೀಯ ದಿಕ್ಸೂಚಿಯನ್ನು ಆಶ್ರಯಿಸುತ್ತದೆ. ಕಬ್ಬಿಣದ ಗೇಟು, ವಾಹನ, ಫೋನಿನ ಚೀಲದಲ್ಲಿರುವ ಅಯಸ್ಕಾಂತದ ಗುಂಡಿ, ಇವುಗಳಲ್ಲಿ ಯಾವುದೊಂದಾದರೂ ಅದನ್ನು ಕೆಡಿಸಬಲ್ಲುದು. ಗಾಳಿಯಲ್ಲಿ ಎಂಟರ ಆಕಾರ ಬರೆದಂತೆ ಫೋನನ್ನು ಆಡಿಸಿದರೆ ದಿಕ್ಸೂಚಿ ಬಹುಮಟ್ಟಿಗೆ ತಿಳಿಯಾಗುತ್ತದೆ.

ಆದರೆ ಪ್ರತಿಯೊಂದು ನಗರವೂ ತನ್ನದೇ ಆದ ದಿಕ್ಸೂಚಿಯನ್ನು ಹೊತ್ತಿರುತ್ತದೆ, ಮೊದಲ ದಿನವೇ ಅದನ್ನು ಹುಡುಕಿಕೊಳ್ಳಬೇಕು. ಕಾಶಿಯಲ್ಲಿ ಗಂಗೆ ತನ್ನ ಸಹಜಗತಿಯನ್ನು ಬಿಟ್ಟು ಉತ್ತರಾಭಿಮುಖಳಾಗಿ ಹರಿಯುತ್ತಾಳೆ. ನಗರವೆಲ್ಲ ಪಶ್ಚಿಮದ ದಡದಲ್ಲಿದೆ. ಎದುರಿನ ದಡದ ಮರಳಿನ ಮೇಲೆ ಸೂರ್ಯನು ಹುಟ್ಟುತ್ತಾನೆ. ನದಿಗೆ ಮುಖಮಾಡಿ ನಿಂತವನ ಮುಂದೆ ಪೂರ್ವ, ಬಲಗಡೆ ದಕ್ಷಿಣದ ಅಸ್ಸಿ, ಎಡಗಡೆ ಉತ್ತರದ ರಾಜಘಾಟ್, ನಡುವೆ ಸುಮಾರು ಎಂಬತ್ತನಾಲ್ಕು ಘಾಟುಗಳ ಸಾಲು. ಇಷ್ಟು ಮನಸ್ಸಿನಲ್ಲಿ ನಿಂತರೆ, ಯಾವ ಗಲ್ಲಿಯಲ್ಲಿ ತಪ್ಪಿಸಿಕೊಂಡರೂ ಇಳಿಜಾರನ್ನು ಹಿಡಿದು ನದಿಗೆ ಬಂದು, ಅಲ್ಲಿಂದ ಘಾಟುಗಳ ಹೆಸರನ್ನು ಓದುತ್ತ ನಮ್ಮ ನೆಲೆಗೆ ಮರಳಬಹುದು.

ನಕ್ಷೆಯೆಂಬ ಮನುಷ್ಯಕೃತಿ

ಚುಕ್ಕೆ ಎಷ್ಟೇ ನಿಖರವಾಗಿರಲಿ, ಅದರ ಕೆಳಗೆ ನಕ್ಷೆಯಿಲ್ಲದಿದ್ದರೆ ಅದು ಬರಿಯ ಅಕ್ಷಾಂಶ ರೇಖಾಂಶಗಳ ಜೋಡಿ. ಮುಂದೆ ಬ್ರಾಹ್ಮೀ ಲಿಪಿಯನ್ನು ಓದಿ ಅಶೋಕನ ಶಾಸನಗಳಿಗೆ ಮಾತು ಕೊಟ್ಟ ಜೇಮ್ಸ್ ಪ್ರಿನ್ಸೆಪ್, ಕಾಶಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದಾಗ ಆ ನಗರವನ್ನು ಅಳೆದು 1822ರಲ್ಲಿ ಅದರ ನಕ್ಷೆಯನ್ನು ಸಿದ್ಧಪಡಿಸಿದನು. ಆಕಾಶದ ನೆರವಿಲ್ಲದ ಆ ಕಾಲದಲ್ಲಿ ಅಂತಹ ನಕ್ಷೆಯ ಒಂದೊಂದು ಗೆರೆಗೂ ನೆಲದ ಮೇಲೆ ನಡೆದ ಕಾಲುಗಳ ಶ್ರಮವೇ ಆಧಾರವಾಗಿತ್ತು. ಇಂದಿನ ಗೂಗಲ್ ಮ್ಯಾಪ್ಸ್ 2005ರಲ್ಲಿ ಆರಂಭವಾಯಿತು. ಅದಕ್ಕೆ ಹಿಂದಿನ ವರ್ಷ, ಯಾರು ಬೇಕಾದರೂ ಸೇರಿ ರಚಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಹುಟ್ಟಿತು.

ಎಲ್ಲ ನಕ್ಷೆಗಳೂ ಮುಪ್ಪಾಗುತ್ತವೆಂಬುದನ್ನು ಮರೆಯಬಾರದು. 2021ರ ಡಿಸೆಂಬರ್‌ನಲ್ಲಿ ಉದ್ಘಾಟಿತವಾದ ವಿಶ್ವನಾಥ ಮಂದಿರದ ವಿಶಾಲ ಪ್ರಾಕಾರ, ದೇವಾಲಯದಿಂದ ಗಂಗೆಯವರೆಗೆ ಹಳೆಯ ಗಲ್ಲಿಗಳಿದ್ದ ಜಾಗದಲ್ಲಿಯೇ ಎದ್ದಿತು. ಅದಕ್ಕೆ ಮುಂಚಿನ ನಕ್ಷೆಯನ್ನು ಹಿಡಿದು ಹೋದವನು ಇಲ್ಲದ ಗಲ್ಲಿಯನ್ನು ಹುಡುಕಬೇಕಾಗುತ್ತದೆ. ಅಂತೆಯೇ, ನಕ್ಷೆಯಲ್ಲಿ ಒಂದೇ ಬಗೆಯ ಗೆರೆಯಾಗಿ ಕಾಣುವ ಎರಡು ದಾರಿಗಳಲ್ಲಿ ಒಂದರಲ್ಲಿ ನಲವತ್ತು ಮೆಟ್ಟಿಲುಗಳಿರಬಹುದು, ಇನ್ನೊಂದರಲ್ಲಿ ವಾಹನ ಸಂಚರಿಸಬಹುದು. ವಯಸ್ಸಾದವರನ್ನು ಕರೆದೊಯ್ಯುವವರು ಈ ಅಂತರವನ್ನು ಸ್ಥಳೀಯರಿಂದ ಕೇಳಿ ತಿಳಿಯುವುದೇ ಲೇಸು.

ಮನಸ್ಸಿನೊಳಗಿನ ನಕ್ಷೆ

ಜನರು ತಮ್ಮ ನಗರವನ್ನು ಮನಸ್ಸಿನಲ್ಲಿ ಹೇಗೆ ಚಿತ್ರಿಸಿಕೊಳ್ಳುತ್ತಾರೆಂಬುದನ್ನು ಅಮೆರಿಕದ ಮೂರು ನಗರಗಳಲ್ಲಿ ಅಭ್ಯಸಿಸಿದ ಕೆವಿನ್ ಲಿಂಚ್, 1960ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಐದು ಅಂಶಗಳನ್ನು ಗುರುತಿಸಿದನು: ಹಾದಿಗಳು, ಅಂಚುಗಳು, ಕೇರಿಗಳು, ಕೂಡುತಾಣಗಳು, ಹೆಗ್ಗುರುತುಗಳು. ಕಾಶಿಯಲ್ಲಿ ಗಂಗೆಯೇ ಅಂಚು, ಗೊದೌಲಿಯಾ ವೃತ್ತವೇ ಕೂಡುತಾಣ, ಜಂಗಮವಾಡಿಯೊಂದು ಕೇರಿ. ಇಂತಹ ಚಿತ್ರಕ್ಕೆ ಮೆದುಳಿನಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ. ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಎಚ್ಚರಗೊಳ್ಳುವ ಜೀವಕೋಶಗಳನ್ನು ಜಾನ್ ಓಕೀಫ್ 1971ರಲ್ಲಿ ಇಲಿಗಳ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ತೋರಿಸಿದನು; 2014ರ ನೊಬೆಲ್ ಪ್ರಶಸ್ತಿಯಲ್ಲಿ ಆತನಿಗೂ ಪಾಲು ದೊರೆಯಿತು. ಸುಮಾರು 25,000 ಬೀದಿಗಳನ್ನು ಕಂಠಸ್ಥ ಮಾಡಿ ಪರೀಕ್ಷೆಗೆ ಕೂಡುವ ಲಂಡನ್ನಿನ ಟ್ಯಾಕ್ಸಿ ಚಾಲಕರಲ್ಲಿ ಇದೇ ಭಾಗದ ಹಿಂಬದಿ ಇತರರಿಗಿಂತ ಹಿರಿದಾಗಿದ್ದುದನ್ನು ಎಲಿನಾರ್ ಮ್ಯಾಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ನಕ್ಷೆಯನ್ನು ಕಟ್ಟುವ ಈ ಶಕ್ತಿ ಬಳಸಿದಷ್ಟೂ ಬೆಳೆಯುವಂತೆ ತೋರುತ್ತದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂಬ ಧ್ವನಿಯೊಂದನ್ನೇ ಅನುಸರಿಸುವವನು ಊರನ್ನು ಸುತ್ತುತ್ತಾನೆ, ಊರನ್ನು ಅರಿಯುವುದಿಲ್ಲ.

ಇದರ ಪ್ರಯೋಜನ ನಮಗೆ ಅದೇ ದಿನ ಮಧ್ಯಾಹ್ನ ತಿಳಿಯಿತು. ವಿಶ್ವನಾಥನ ಸನ್ನಿಧಿಗೆ ಫೋನನ್ನು ಒಯ್ಯುವಂತಿಲ್ಲ. ಹೊರಗಿನ ಅಂಗಡಿಯ ಲಾಕರಿನಲ್ಲಿಟ್ಟು ಚೀಟಿ ಪಡೆಯಬೇಕು. ದಾರಿ ಹೇಳುವ ಯಂತ್ರವನ್ನೇ ಬಿಟ್ಟುಹೋದ ಮೇಲೆ, ಆ ಯಂತ್ರವಿರುವಲ್ಲಿಗೆ ಮರಳಿ ಬರುವುದು ಹೇಗೆ? ನಾನು ಚೀಟಿಯ ಹಿಂಬದಿಯಲ್ಲಿ ಮೂರು ಗೆರೆ ಎಳೆದುಕೊಂಡೆನು: ಮುಖ್ಯ ರಸ್ತೆ, ಮೂಲೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ, ಅದರ ಪಕ್ಕದ ಗಲ್ಲಿಯಲ್ಲಿ ಮೂರನೆಯ ಬಾಗಿಲು. ದರ್ಶನ ಮುಗಿಸಿ ಜನಸಂದಣಿಯೊಡನೆ ಹೊರಬಂದಾಗ ನಾವು ಹೊಕ್ಕ ದ್ವಾರ ಅದಾಗಿರಲಿಲ್ಲ. ಆದರೆ ಇಳಿಹೊತ್ತಿನ ಬಿಸಿಲು ಪಶ್ಚಿಮವನ್ನು ತೋರುತ್ತಿತ್ತು. ಅತ್ತ ನಡೆದು ಮುಖ್ಯ ರಸ್ತೆಗೆ ಬಂದು, ಬಿಸಿಲನ್ನು ಬಲಗೆನ್ನೆಗೆ ಇಟ್ಟುಕೊಂಡು ದಕ್ಷಿಣಕ್ಕೆ ಸಾಗಿದೆವು. ಹಿತ್ತಾಳೆಯ ಹೊಳಪು ಕಂಡೊಡನೆ ಅಕ್ಕ, "ಬಂತು ನೋಡು ನಿನ್ನ ಗೆರೆ!" ಎಂದಳು.

ಓದುಗರಿಗೆ ಒಂದು ಮಾತು

ಹೊಸ ನಗರಕ್ಕೆ ಹೊರಡುವ ಹಿಂದಿನ ರಾತ್ರಿಯೇ ಅದರ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಅಂತರ್ಜಾಲ ಕೈಕೊಟ್ಟರೂ ಉಪಗ್ರಹಗಳು ಕೈಬಿಡುವುದಿಲ್ಲ. ತಂಗುವ ಸ್ಥಳವನ್ನು ಅದರಲ್ಲಿ ಗುರುತಿಸಿ, ಅದರ ವಿಳಾಸವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ತಲುಪಿದ ಮೇಲೆ ಉತ್ತರ ಮೇಲಾಗಿರುವಂತೆ ನಕ್ಷೆಯನ್ನು ಐದು ನಿಮಿಷ ಸಾವಧಾನವಾಗಿ ನೋಡಿ, ಆ ಊರಿನ ನದಿಯೋ ಗುಡ್ಡವೋ ಹೆದ್ದಾರಿಯೋ ಯಾವುದು ದಿಕ್ಕನ್ನು ಹೇಳುತ್ತದೆಂಬುದನ್ನು ಕಂಡುಕೊಳ್ಳಿ. ನಡೆಯುವಾಗ ಪ್ರತಿ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿ, ಏಕೆಂದರೆ ಮರಳುವಾಗ ದಾರಿ ಕಾಣುವುದು ಆ ಮಗ್ಗುಲಿನಿಂದ. ನೀಲಿ ಚುಕ್ಕೆ ಅಲೆದಾಡತೊಡಗಿದರೆ ತೆರೆದ ಬಾನಿರುವ ಕಡೆಗೆ ಬನ್ನಿ. ಅದೂ ಸಾಧ್ಯವಾಗದಿದ್ದರೆ ಪಕ್ಕದ ಅಂಗಡಿಯವನನ್ನು ವಿನಯದಿಂದ ಕೇಳಿ. ಆ ಊರನ್ನು ಅವನಷ್ಟು ಬಲ್ಲ ಉಪಗ್ರಹ ಯಾವುದೂ ಇಲ್ಲ.